ಸಣ್ಣ ಕ್ಯಾಂಪಿಂಗ್ ಟ್ರೇಲರ್‌ಗೆ ಕರೆಂಟು: ಯುಪಿಎಸ್‌ನವರು ಕೊಟ್ಟ ಲೆಕ್ಕ ಸರಿಯಾ?

ಬನಶಂಕರಿ ಬಂಡಿ

ಎಲ್ಲರಿಗೂ ನಮಸ್ಕಾರ. ಕಾರಿನ ಹಿಂದೆ ಎಳೆದುಕೊಂಡು ಹೋಗುವ ಸಣ್ಣ ಟ್ರೇಲರ್ ಒಂದನ್ನು ಪೀಣ್ಯದ ಒಂದು ಶೆಡ್‌ನಲ್ಲಿ ಮಾಡಿಸುತ್ತಿದ್ದೇನೆ. ಎಂಟು ಅಡಿ ಉದ್ದ, ಐದು ಅಡಿ ಅಗಲ. ಒಳಗೆ ಹಾಸಿಗೆ, ಹಿಂದಿನ ಬಾಗಿಲು ಎತ್ತಿದರೆ ಅಡುಗೆ ಕಟ್ಟೆ. ಛಾಸಿ, ಬಾಡಿ ಮುಗಿದಿದೆ. ಕೆಲಸ ಈಗ ವೈರಿಂಗ್‌ಗೆ ಬಂದು ನಿಂತಿದೆ. (ಆರ್‌ಟಿಒ ವಿಷಯ ಇಲ್ಲಿ ದಯವಿಟ್ಟು ಬೇಡ, ಅದು ಶುರುವಾದರೆ ಮುಗಿಯುವುದಿಲ್ಲ.)

ನಮ್ಮ ಮನೆಗೆ ಯುಪಿಎಸ್ ಹಾಕಿದವರನ್ನೇ ಕೇಳಿದೆ. 150 ಎಎಚ್ ಟ್ಯೂಬ್ಯುಲರ್ ಬ್ಯಾಟರಿ, 1500 ವಿಎ ಇನ್ವರ್ಟರ್, ಮೇಲೆ 540 ವ್ಯಾಟಿನ ಒಂದು ಪ್ಯಾನೆಲ್ ಸಾಕು ಎಂದರು. "ಮನೇಲಿ ಓಡತ್ತೆ, ಅಲ್ಲಿ ಓಡಲ್ವಾ ಸಾರ್?" ಎನ್ನುವುದು ಅವರ ವಾದ.

ಬೇಕಾಗಿರುವುದು ಸಣ್ಣ ಫ್ರಿಜ್, ಎರಡು ಫ್ಯಾನ್, ದೀಪಗಳು, ನೀರಿನ ಪಂಪು, ಮೊಬೈಲು, ಹೆಂಡತಿಯ ಲ್ಯಾಪ್‌ಟಾಪ್. ಶುಕ್ರವಾರ ಅವಳಿಗೆ ಆಫೀಸ್ ಕಾಲ್ ತಪ್ಪುವುದಿಲ್ಲ. ಇಂಡಕ್ಷನ್ ಒಲೆಯೂ ಓಡಿದರೆ ಒಳ್ಳೆಯದು. ಅತ್ತೆಯವರೂ ಬರುತ್ತಾರೆ, ಅವರು ಟ್ರೇಲರ್ ಒಳಗೆ, ನಾವಿಬ್ಬರು ಪಕ್ಕದ ಟೆಂಟಿನಲ್ಲಿ. ಮಿಕ್ಸಿ ಇಲ್ಲದೆ ಅವರು ಮನೆ ಹೊಸಿಲು ದಾಟುವುದಿಲ್ಲ. ಎರಡು ರಾತ್ರಿ ಯಾರ ಕರೆಂಟೂ ಕೇಳದೆ ನಿಲ್ಲಬೇಕು, ಅಷ್ಟೇ ಆಸೆ.

ಟೆಂಟೇ ಸಾಕು

ಕಾಡಿಗೆ ಹೋಗುವುದೇ ಕರೆಂಟು ಮರೆಯೋಕೆ ಅಲ್ವಾ ಗುರು? ಒಂದು ಟಾರ್ಚು, ಒಂದು ಬೀಸಣಿಗೆ. ಮುಗೀತು.

ಬನಶಂಕರಿ ಬಂಡಿ

ಬೀಸುವವರು ಯಾರು ಅಂತಲೂ ಹೇಳಿಬಿಡಿ. ಅತ್ತೆ ಕೇಳುತ್ತಿದ್ದಾರೆ.

ಪೀಣ್ಯ ವೈರ್‌ಮ್ಯಾನ್

ಸಾರ್, ಆ ಲೆಕ್ಕ ಮನೆಗೆ ಸರಿ. ಬಂಡಿಗೆ ಬೇಡ.

150 ಎಎಚ್ ಟ್ಯೂಬ್ಯುಲರ್ ಆಸಿಡ್ ತುಂಬಿದ ಮೇಲೆ 50 ಕೆಜಿ ದಾಟುತ್ತದೆ. ಅದನ್ನು ಹಿಂದಿನ ಅಡುಗೆ ಕಟ್ಟೆಯ ಕೆಳಗೆ ಇಟ್ಟರೆ ಹೈವೇಯಲ್ಲಿ ಟ್ರೇಲರ್ ಅತ್ತಿತ್ತ ಓಲಾಡಲು ಶುರು ಮಾಡುತ್ತದೆ. ಭಾರ ಆಕ್ಸಲ್ ಮೇಲೆ, ಇಲ್ಲವೇ ಸ್ವಲ್ಪ ಮುಂದೆ ಇರಬೇಕು. ಇನ್ನು ನಮ್ಮ ಹಂಪ್‌ಗಳ ಮೇಲೆ ಆಸಿಡ್ ಸುಮ್ನೆ ಕೂರುವುದಿಲ್ಲ. ಚಾರ್ಜ್ ಆಗುವಾಗ ಹೈಡ್ರೋಜನ್ ಬೇರೆ ಬರುತ್ತದೆ. ಮನೆಯಲ್ಲಿ ಯುಟಿಲಿಟಿಯಲ್ಲೋ ಮೆಟ್ಟಿಲ ಕೆಳಗೋ ಇರುತ್ತದೆ, ಸರಿ. ಇಲ್ಲಿ ಅತ್ತೆಯವರ ತಲೆದಿಂಬಿನ ಪಕ್ಕ. ಇಷ್ಟೆಲ್ಲ ಹೊತ್ತುಕೊಂಡು ಹೋದರೂ ಆ ಜಾತಿಯ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು. 150 ಎಎಚ್ ಗುಣಿಸು 12 ವೋಲ್ಟ್, 1800 ವ್ಯಾಟ್-ಅವರ್ ಅಂತ ಕಾಗದದಲ್ಲಿ, ಕೈಗೆ ಬರುವುದು 900.

540ರ ಪ್ಯಾನೆಲ್ ಎರಡೂ ಕಾಲು ಮೀಟರ್ ಉದ್ದ. ನಿಮ್ಮ ಟ್ರೇಲರ್ ನೆತ್ತಿಯೆಲ್ಲ ಅದೇ. ಅದು ಓಡುವುದು 41 ವೋಲ್ಟ್ ಆಸುಪಾಸಿನಲ್ಲಿ, 13 ಆಂಪಿಯರ್. ಯುಪಿಎಸ್ ಜೊತೆ ಕೊಡುವ ಅಗ್ಗದ ಪಿಡಬ್ಲ್ಯುಎಂ ಕಂಟ್ರೋಲರ್‌ಗೆ (ಪ್ಯಾನೆಲ್‌ನಿಂದ ಬ್ಯಾಟರಿಗೆ ಚಾರ್ಜ್ ಹಾಕುವ ಡಬ್ಬಿ) ಅಷ್ಟು ವೋಲ್ಟೇಜ್ ಸಾಮಾನ್ಯವಾಗಿ ತಡೆಯುವುದೇ ಇಲ್ಲ. ತಡೆದರೂ ಅದು ಪ್ಯಾನೆಲನ್ನು ಬ್ಯಾಟರಿಯ ವೋಲ್ಟೇಜಿಗೆ ಎಳೆದುಬಿಡುತ್ತದೆ. 13 ಆಂಪಿಯರ್ ಗುಣಿಸು 13 ವೋಲ್ಟ್, 170 ವ್ಯಾಟ್. ಉಳಿದದ್ದು ದಂಡ. ಎಂಪಿಪಿಟಿ ಎಂಬ ಇನ್ನೊಂದು ಜಾತಿಯ ಕಂಟ್ರೋಲರ್ ಆದರೆ ಈ ತೊಂದರೆ ಇಲ್ಲ, ಅದು ಹೆಚ್ಚಿನ ವೋಲ್ಟನ್ನು ಆಂಪಿಯರ್ ಮಾಡಿಕೊಡುತ್ತದೆ.

ನನಗೆ ಎಲ್ಲಕ್ಕಿಂತ ತಲೆನೋವು ಇನ್ವರ್ಟರ್. ಏನೂ ಹಾಕದೆ ಸುಮ್ನೆ ಆನ್ ಮಾಡಿಟ್ಟರೂ ಆ ಸೈಜಿನದು 15-20 ವ್ಯಾಟ್ ತಿನ್ನುತ್ತದೆ. ದಿನಪೂರ್ತಿ ಅಂದರೆ 400 ವ್ಯಾಟ್-ಅವರ್ ಹತ್ತಿರ. ಬ್ಯಾಟರಿಯ ಡಿಸಿಯನ್ನು 230 ವೋಲ್ಟ್ ಎಸಿ ಮಾಡಿ, ಅಡಾಪ್ಟರ್‌ನಲ್ಲಿ ಮತ್ತೆ ಡಿಸಿ ಮಾಡಿ ಮೊಬೈಲ್‌ಗೆ ಕೊಡುವುದು ಯಾಕೆ? ಫ್ರಿಜ್, ಫ್ಯಾನ್, ದೀಪ, ಪಂಪು, ಟೈಪ್-ಸಿ ಚಾರ್ಜರ್ ಎಲ್ಲವೂ 12 ವೋಲ್ಟಿನಲ್ಲೇ ಸಿಗುತ್ತವೆ. ಎಸ್‌ಪಿ ರೋಡ್‌ನಲ್ಲಿ ಒಂದು ಸುತ್ತು ಹೊಡೆಯಿರಿ. ಇನ್ವರ್ಟರ್ ಮಿಕ್ಸಿಗೆ ಮಾತ್ರ ಇರಲಿ, ಮಿಕ್ಸಿ ನಿಂತ ತಕ್ಷಣ ಆಫ್.

ಬ್ಯಾಟರಿ, ಪ್ಯಾನೆಲ್ ಆಮೇಲೆ. ಮೊದಲು ಯಾವುದು ಎಷ್ಟು ತಿನ್ನುತ್ತದೆ ಅಂತ ಬರೆದು ಹಾಕಿ.

ಬನಶಂಕರಿ ಬಂಡಿ

ಕೂತು ಬರೆದೆ, ಒಂದು ದಿನಕ್ಕೆ, ವ್ಯಾಟ್-ಅವರ್ ಲೆಕ್ಕದಲ್ಲಿ. 12 ವೋಲ್ಟಿನ ಕಂಪ್ರೆಸರ್ ಫ್ರಿಜ್ ಓಡುವಾಗ 50 ವ್ಯಾಟ್, ದಿನದಲ್ಲಿ ಮೂರನೇ ಒಂದು ಹೊತ್ತು ಓಡಿದರೆ 400. ಎರಡು ಡಿಸಿ ಫ್ಯಾನ್, ತಲಾ 15 ವ್ಯಾಟ್, ಎಂಟು ಗಂಟೆ, 240. ದೀಪ 100. ಲ್ಯಾಪ್‌ಟಾಪು, ಮೂರು ಮೊಬೈಲು ಸೇರಿ 225. ಪಂಪು 15. ಮಿಕ್ಸಿ 750 ವ್ಯಾಟ್, ಐದು ನಿಮಿಷ, 62. ಒಟ್ಟು 1040 ಚಿಲ್ಲರೆ.

ಇಷ್ಟು ಮಾಡಿದ ಮೇಲೆ ಹೊಳೆಯಿತು, ಸಾವಿರ ವ್ಯಾಟ್-ಅವರ್ ಅಂದರೆ ಬರೀ ಒಂದು ಯೂನಿಟ್ಟು! ಗೃಹಜ್ಯೋತಿಯ 200 ದಾಟಿತಾ ಅಂತ ತಿಂಗಳ ಕೊನೆಗೆ ಮೀಟರ್ ಬಗ್ಗಿ ನೋಡುವವನು ನಾನು. ಒಂದು ಯೂನಿಟ್ ಹೊತ್ತುಕೊಂಡು ಹೋಗೋಕೆ ಇಷ್ಟು ಒದ್ದಾಟವಾ?

ಇಂಡಕ್ಷನ್ ಸೇರಿಸಿಲ್ಲ. 1500 ವ್ಯಾಟ್, ದಿನಕ್ಕೆ ಮುಕ್ಕಾಲು ಗಂಟೆ ಅಂದರೆ ಅದೊಂದೇ 1100 ಆಗುತ್ತಿದೆ. ಲೆಕ್ಕ ತಪ್ಪಿದೆಯಾ?

ಅರ್ಧ ಆಂಪಿಯರ್

ಲೆಕ್ಕ ಸರಿಯಾಗಿದೆ ಸಾರ್. ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿಯುವವರೆಗೆ ಕಾಯಿಸಲು 87 ವ್ಯಾಟ್-ಅವರ್ ಬೇಕು. ಯಾವ ಕಂಪನಿಯ ಒಲೆ ತಂದರೂ ಇದು ಕಡಿಮೆ ಆಗುವುದಿಲ್ಲ. ಕಾಯಿಸುವ ಕೆಲಸ ಯಾವುದನ್ನೂ ಬ್ಯಾಟರಿಗೆ ಹಚ್ಚಬೇಡಿ. ಒಂದು ಕೆಜಿ ಎಲ್‌ಪಿಜಿಯಲ್ಲಿ 12-13 ಯೂನಿಟ್‌ನಷ್ಟು ಶಾಖ ಇದೆ. ಒಲೆಯಲ್ಲಿ ಮೂರನೇ ಒಂದು ಪಾಲು ಗಾಳಿಗೆ ಹೋದರೂ ಎಂಟು ಯೂನಿಟ್ ಪಾತ್ರೆಗೆ ಸಿಕ್ಕಿತು. ಡಿಕಾಕ್ಷನ್‌ಗೆ ಫಿಲ್ಟರ್ ಇದೆ, ಅದಕ್ಕೆ ಕರೆಂಟೇ ಬೇಡ.

ಆದರೆ ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ನೆಲದ ಮಟ್ಟದಲ್ಲಿ ತುಂಬಿಕೊಳ್ಳುತ್ತದೆ. ಬ್ಯಾಟರಿ, ಸ್ವಿಚ್ಚು, ಇನ್ವರ್ಟರ್ ಇರುವ ಡಬ್ಬಿಯೊಳಗೆ ಸಿಲಿಂಡರ್ ಇಡಬೇಡಿ. ಅದಕ್ಕೆ ಹೊರಗಿನಿಂದಲೇ ತೆರೆಯುವ ಬೇರೆ ಡಬ್ಬಿ ಮಾಡಿಸಿ, ತಳದಲ್ಲಿ ತೂತು ಇರಲಿ. ಬಾಡಿ ಇನ್ನೂ ಶೆಡ್‌ನಲ್ಲೇ ಇದೆಯಲ್ಲ, ಈಗಲೇ ಹೇಳಿಬಿಡಿ.

ಬ್ಯಾಟರಿಗೆ ಬಂದರೆ ಲಿಥಿಯಂ ಐರನ್ ಫಾಸ್ಫೇಟ್, ಅಂಗಡಿಯಲ್ಲಿ ಎಲ್‌ಎಫ್‌ಪಿ ಎನ್ನುತ್ತಾರೆ. 3.2 ವೋಲ್ಟಿನ ನಾಲ್ಕು ಸೆಲ್ ಸಾಲಾಗಿ, ಒಟ್ಟು 12.8. 100 ಎಎಚ್ ಅಂದರೆ 1280 ವ್ಯಾಟ್-ಅವರ್, ಅದರಲ್ಲಿ 1100ರಷ್ಟು ಧೈರ್ಯವಾಗಿ ಬಳಸಬಹುದು. ತೂಕ 10ರಿಂದ 13 ಕೆಜಿ. ಮೊಬೈಲ್ ಬ್ಯಾಟರಿಗಳ ಜಾತಿಗಿಂತ ಇದು ಶಾಖಕ್ಕೆ ತುಂಬಾ ಗಟ್ಟಿ, ಅಷ್ಟು ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ. ನಡುವೆ ಒಂದು ಮಾತು: ಈ ರಾಸಾಯನಿಕವನ್ನು ಮುಂದಿಟ್ಟ 1997ರ ಪ್ರಬಂಧಕ್ಕೆ ಲೇಖಕರು ಮೂವರು, ಪಾಧಿ, ನಂಜುಂಡಸ್ವಾಮಿ, ಗುಡ್‌ಇನಫ್. 2019ರ ನೊಬೆಲ್ ಹಂಚಿಕೊಂಡ ಗುಡ್‌ಇನಫ್ ಹೆಸರು ಎಲ್ಲರ ಬಾಯಲ್ಲಿದೆ. ನಡುವಿನ ಹೆಸರು ಓದಿದಾಗಲೆಲ್ಲ ನನಗೊಂದು ಖುಷಿ.

ಮನೆ ಯುಪಿಎಸ್‌ನಿಂದ ಇದನ್ನು ಚಾರ್ಜ್ ಮಾಡಬೇಡಿ. ಅವುಗಳಲ್ಲಿ ಕೆಲವು ಆಸಿಡ್ ಬ್ಯಾಟರಿಗೆಂದು ಆಗಾಗ 15 ವೋಲ್ಟ್ ದಾಟಿಸುತ್ತವೆ. ಎಲ್‌ಎಫ್‌ಪಿಗೆ 14.6 ಮೇಲ್ಮಿತಿ. ಬ್ಯಾಟರಿಯೊಳಗಿನ ರಕ್ಷಣಾ ಸರ್ಕ್ಯೂಟ್ (ಬಿಎಂಎಸ್) ಕಡಿದು ಹಾಕುತ್ತದೆ, ನಿಜ. ಆದರೆ ಅದು ಕೊನೆಯ ಕಾವಲು. ದಿನಾ ಅದರ ಕೈಯಲ್ಲಿ ಕೆಲಸ ಮಾಡಿಸಬಾರದು.

ಡೇರೆ ದಂಪತಿ

ಇಷ್ಟೆಲ್ಲ ಯಾಕೆ? ನಾವು ಒಂದು ಪವರ್ ಸ್ಟೇಷನ್ ಡಬ್ಬಿ ತಗೊಂಡಿದ್ದೇವೆ. ಒಳಗೆ ಬ್ಯಾಟರಿ, ಇನ್ವರ್ಟರ್, ಸೋಲಾರ್ ಕಂಟ್ರೋಲರ್ ಎಲ್ಲ ಇದೆ. ಕಾರಿಂದ ಇಳಿಸು, ಪ್ಲಗ್ ಹಾಕು, ಆಯ್ತು. ಟ್ರೇಲರ್‌ಗೆ ವೈರಿಂಗೇ ಬೇಡ. ಊರಿಗೆ ಬಂದ ಮೇಲೆ ಮನೆಯಲ್ಲಿ ವೈಫೈಗೆ ಇಟ್ಟುಕೊಳ್ಳುತ್ತೇವೆ.

ಪೀಣ್ಯ ವೈರ್‌ಮ್ಯಾನ್

ಆ ಡಬ್ಬಿಯಲ್ಲಿ ಒಂದು ಕೆಟ್ಟರೆ ಎಲ್ಲ ಕೆಟ್ಟಂಗೆ. ಬಿಡಿ ಬಿಡಿಯಾಗಿ ಕಟ್ಟಿದರೆ ಹಾಸನದಲ್ಲೂ ಒಂದು ಫ್ಯೂಸ್ ಸಿಗುತ್ತದೆ.

ಡೇರೆ ದಂಪತಿ

ಎಲ್ಲರ ಮನೆಯಲ್ಲೂ ಒಬ್ಬ ವೈರ್‌ಮ್ಯಾನ್ ಇರಲ್ಲ ಸಾರ್.

ಅರ್ಧ ಆಂಪಿಯರ್

ಇಬ್ಬರದೂ ಒಪ್ಪುವ ಮಾತೇ. ಬರೀ ವಾರಾಂತ್ಯಕ್ಕೆ, ಟೆಂಟ್ ಹಾಕುವವರಿಗೆ ಡಬ್ಬಿ ಚೆನ್ನ. ಕೊಳ್ಳುವ ಮುಂಚೆ ಒಂದು ನೋಡಿ. ಕಾರಿನ ಸಿಗರೇಟ್ ಸಾಕೆಟ್‌ನಿಂದ ಅದು ಚಾರ್ಜ್ ಆಗುವುದು ಸಾಮಾನ್ಯವಾಗಿ 100 ವ್ಯಾಟ್ ಆಸುಪಾಸು ಮಾತ್ರ. ಮೋಡದ ದಿನ ಅದು ಕೈ ಕಚ್ಚುತ್ತದೆ.

ಮಲೆನಾಡು ಮಳೆ

ಮೋಡದ ದಿನ ಅಂದಿರಲ್ಲ, ಹೇಳುತ್ತೇನೆ ಕೇಳಿ. ಜುಲೈನಲ್ಲಿ ಸಕಲೇಶಪುರ, ಆಗುಂಬೆ ಕಡೆ ಬನ್ನಿ. ಬೆಳಿಗ್ಗೆ ಹತ್ತಕ್ಕೂ ದೀಪ ಹಾಕಿಕೊಂಡು ಕೂರುವ ದಿನಗಳಿರುತ್ತವೆ. ಪಾವಗಡದಲ್ಲಿ 2050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಮಾಡಿದ್ದಾರೆ, ನಮ್ಮೂರಲ್ಲಿ ಯಾಕೆ ಮಾಡಿಲ್ಲ ಅಂತ ಒಮ್ಮೆ ಯೋಚನೆ ಮಾಡಿ. ಮಳೆಗಾಲಕ್ಕೆ ಪ್ಯಾನೆಲ್ ನಂಬಿ ಬರಬೇಡಿ.

ಬನಶಂಕರಿ ಬಂಡಿ

ಬೆಂಗಳೂರಿನ ಸುತ್ತಮುತ್ತ, ಬಿಸಿಲು ಇರುವ ಕಾಲದಲ್ಲಿ? 200 ವ್ಯಾಟ್ ಹಾಕಿದರೆ?

ಅರ್ಧ ಆಂಪಿಯರ್

ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಒಳ್ಳೆಯ ದಿನ ಐದು ಗಂಟೆಯ ಪೂರ್ತಿ ಬಿಸಿಲು ಎಂದು ಹಿಡಿಯಿರಿ. ಶಾಖ, ಧೂಳು, ವೈರು ಎಲ್ಲ ಕಳೆದು ಕಾಲು ಭಾಗ ಬಿಟ್ಟರೆ 750 ವ್ಯಾಟ್-ಅವರ್. ಪ್ಯಾನೆಲ್ ಬಿಸಿಯಾದಷ್ಟೂ ಕಡಿಮೆ ಕೊಡುತ್ತದೆ. ಸೂರಿಗೆ ಅಂಟಿಸಬೇಡಿ, ಕೆಳಗೆ ಎರಡು ಇಂಚು ಗಾಳಿ ಆಡಲಿ. ಏಪ್ರಿಲ್ ಕೊನೆಗೂ ಆಗಸ್ಟ್ ಮಧ್ಯದಲ್ಲೂ ಬೆಂಗಳೂರಿನಲ್ಲಿ ಸೂರ್ಯ ನೆತ್ತಿ ಮೇಲೇ ಬರುತ್ತಾನೆ, ಆಗ ಮಟ್ಟಸವಾಗಿ ಮಲಗಿಸಿದರೂ ನಡೆಯುತ್ತದೆ. ಡಿಸೆಂಬರ್‌ನಲ್ಲಿ ಮಧ್ಯಾಹ್ನವೂ ದಕ್ಷಿಣಕ್ಕೆ ವಾಲಿರುತ್ತಾನೆ, ಐದರಲ್ಲಿ ಒಂದು ಪಾಲು ಹೋಯಿತು.

ಇದಕ್ಕಿಂತ ದೊಡ್ಡ ಜಗಳ ನೆರಳಿನದು. ಮನುಷ್ಯರಿಗೆ ಮರದ ಕೆಳಗೆ ನಿಲ್ಲಿಸಬೇಕು, ಪ್ಯಾನೆಲ್‌ಗೆ ಬಯಲಲ್ಲಿ. ಪ್ಯಾನೆಲ್ ಒಳಗಿನ ಸೆಲ್‌ಗಳೆಲ್ಲ ಒಂದರ ಹಿಂದೆ ಒಂದು ಸಾಲಾಗಿ ಇರುತ್ತವೆ. ಹೊಂಗೆ ಮರದ ಒಂದು ಕೊಂಬೆ ಒಂದು ಸೆಲ್ ಮೇಲೆ ನೆರಳು ಚೆಲ್ಲಿದರೆ ಅದೊಂದೇ ಸೆಲ್‌ನ ಪಾಲು ಹೋಗುವುದಲ್ಲ. 36 ಸೆಲ್‌ನ ಪ್ಯಾನೆಲ್‌ನಲ್ಲಿ ನೆರಳಾದ ಸಾಲನ್ನು ಬಿಟ್ಟು ಕರೆಂಟು ದಾಟಿಸಲು ಸಾಮಾನ್ಯವಾಗಿ ಎರಡು ಬೈಪಾಸ್ ಡಯೋಡ್ ಇರುತ್ತವೆ, ಹಾಗಾಗಿ ಅರ್ಧ ಪ್ಯಾನೆಲ್ ಮಲಗುತ್ತದೆ. ನನ್ನ ಮಾತು ಕೇಳುವುದಾದರೆ 100 ವ್ಯಾಟ್ ಮೇಲೆ ಕೂರಿಸಿ, ಇನ್ನೊಂದು 100 ಬಿಡಿಯಾಗಿ ಇರಲಿ. ಹತ್ತು ಮೀಟರ್ ವೈರು ಹಾಕಿ ಬಿಸಿಲು ಇರುವ ಕಡೆ ಒರಗಿಸಿ. 4 ಸ್ಕ್ವೇರ್ ಎಂಎಂ ವೈರಾದರೆ ಅರ್ಧ ವೋಲ್ಟ್ ಮಾತ್ರ ಕಳೆಯುತ್ತದೆ. 1.5ರದು ಹಾಕಿದರೆ ಒಂದೂ ಕಾಲು ವೋಲ್ಟ್.

ಜೆಸಿ ರೋಡ್ ಜಂಪರ್

ಕಾರನ್ನು ಎಲ್ಲರೂ ಮರೆತೇಬಿಟ್ಟಿರಿ! ಹೋಗುವ ದಾರಿಯಲ್ಲಿ ಆಲ್ಟರ್ನೇಟರ್ ಹೇಗೂ ತಿರುಗುತ್ತಿರುತ್ತದೆ.

ಆದರೆ ಕಾರಿನ ಬ್ಯಾಟರಿಯಿಂದ ಲಿಥಿಯಂಗೆ ನೇರ ವೈರು ಎಳೆಯಬೇಡಿ. ಒಂದು, ಬಿಎಸ್6 ಗಾಡಿಗಳಲ್ಲಿ ಬಹಳಷ್ಟು ಸ್ಮಾರ್ಟ್ ಆಲ್ಟರ್ನೇಟರ್. ಕಾರಿನ ಬ್ಯಾಟರಿ ತುಂಬಿತು ಅನಿಸಿದರೆ ವೋಲ್ಟೇಜ್ ಇಳಿಸಿಬಿಡುತ್ತದೆ, ನಿಮ್ಮದು ತುಂಬುವುದೇ ಇಲ್ಲ. ಎರಡು, ಖಾಲಿ ಲಿಥಿಯಂ ಸಿಕ್ಕಷ್ಟೂ ಎಳೆಯುತ್ತದೆ, ಟ್ರಾಫಿಕ್‌ನಲ್ಲಿ ನಿಂತಾಗ ಆಲ್ಟರ್ನೇಟರ್ ಬೆಂದುಹೋಗುತ್ತದೆ. ನಡುವೆ ಡಿಸಿ-ಡಿಸಿ ಚಾರ್ಜರ್ ಇರಬೇಕು. 20 ಆಂಪಿಯರಿನದು ಸಾಕು, ಗಂಟೆಗೆ 250 ವ್ಯಾಟ್-ಅವರ್ ಕೊಡುತ್ತದೆ. ಸಕಲೇಶಪುರಕ್ಕೆ ನಾಲ್ಕು ನಾಲ್ಕೂವರೆ ಗಂಟೆ ಹಿಡಿದರೆ ನಿಮ್ಮ ಆ ಒಂದು ಯೂನಿಟ್ ದಾರಿಯಲ್ಲೇ ಬಂತು. ನೆಲಮಂಗಲದ ಜಾಮ್ ಕೂಡ ಲೆಕ್ಕಕ್ಕೆ ಸೇರುತ್ತದೆ, ಎಂಜಿನ್ ಓಡುತ್ತಿರುತ್ತಲ್ಲ.

ಟ್ರೇಲರ್ ಇಂಡಿಕೇಟರ್‌ಗೆ ಇರುವ ಏಳು ಪಿನ್ನಿನ ಸಾಕೆಟ್‌ನ ಸಣ್ಣ ವೈರಿನಲ್ಲಿ ಇದನ್ನು ತರಬೇಡಿ. ಮುಂದಿನ ಬ್ಯಾಟರಿಯಿಂದ ಬಂಪರ್‌ವರೆಗೆ 10 ಸ್ಕ್ವೇರ್ ಎಂಎಂ ಜೋಡಿ, ಕೊನೆಗೆ ಹೆಚ್ಚು ಆಂಪಿಯರ್ ತಡೆಯುವ ಆಂಡರ್ಸನ್ ಪ್ಲಗ್. ಎರಡೂ ತುದಿಯಲ್ಲಿ ಫ್ಯೂಸ್, ಯಾಕೆಂದರೆ ಎರಡೂ ಕಡೆ ಬ್ಯಾಟರಿ ಇದೆ.

ಟೆಂಟೇ ಸಾಕು

ಶಿವನಸಮುದ್ರದಿಂದ 1902ರಲ್ಲೇ ಕೆಜಿಎಫ್‌ವರೆಗೆ ಕರೆಂಟು ಎಳೆದರಂತೆ. ನೀವು ಬಾನೆಟ್‌ನಿಂದ ಬಂಪರ್‌ವರೆಗೆ ಎಳೆಯೋಕೆ ಇಷ್ಟು ಮಾತಾಡ್ತಿದ್ದೀರಿ.

ಪೀಣ್ಯ ವೈರ್‌ಮ್ಯಾನ್

ಅವರು 30 ಸಾವಿರಕ್ಕೂ ಮೇಲೆ ವೋಲ್ಟ್ ಏರಿಸಿ ಎಳೆದರು ಗುರು, ಅದಕ್ಕೇ ಹೋಯಿತು. ಇಲ್ಲಿ ಇರುವುದು 12. ವೋಲ್ಟ್ ಕಡಿಮೆ ಆದಷ್ಟೂ ಆಂಪಿಯರ್ ಜಾಸ್ತಿ, ಆಂಪಿಯರ್ ಜಾಸ್ತಿ ಆದಷ್ಟೂ ವೈರು ದಪ್ಪ. ಮನೆಯಲ್ಲಿ 1000 ವ್ಯಾಟ್ ಅಂದರೆ ನಾಲ್ಕೂವರೆ ಆಂಪಿಯರ್. ಇಲ್ಲಿ ಅದೇ 1000 ವ್ಯಾಟ್‌ಗೆ ಇನ್ವರ್ಟರ್ ಬ್ಯಾಟರಿಯಿಂದ 87 ಆಂಪಿಯರ್ ಎಳೆಯುತ್ತದೆ.

ಮೊನ್ನೆ ಒಂದು ಟ್ರೇಲರ್ ಬಂದಿತ್ತು. ಮಿಕ್ಸಿ ಹಾಕಿದರೆ ಇನ್ವರ್ಟರ್ ಕುಯ್ಯೋ ಅಂತ ಕೂಗಿ ಆಫ್ ಆಗುತ್ತದೆ, ಬ್ಯಾಟರಿ ಡೂಪ್ಲಿಕೇಟ್ ಇರಬೇಕು ಅಂದರು. ಮಿಕ್ಸಿ ಓಡುವಾಗಲೇ ಮೀಟರ್ ಇಟ್ಟೆ. ಬ್ಯಾಟರಿ ಕಂಬದಲ್ಲಿ 12.9. ಇನ್ವರ್ಟರ್ ಕಂಬದಲ್ಲಿ 10.8. ಎರಡು ವೋಲ್ಟ್ ದಾರಿಯಲ್ಲೇ ಕಾಣೆ. ವೈರು 6 ಸ್ಕ್ವೇರ್ ಎಂಎಂ, ಅದು ಒಂದು. ಪ್ಲಸ್ ಲಗ್ (ವೈರಿನ ತುದಿಗೆ ಹಾಕುವ ಲೋಹದ ಬಳೆ) ಬಿಚ್ಚಿದೆ, ತಾಮ್ರ ಕಂದು ಬಣ್ಣಕ್ಕೆ ತಿರುಗಿತ್ತು. ಅದರ ಹಿಂದಿನ ಪ್ಲಾಸ್ಟಿಕ್ ಒಂದು ಬೆರಳಷ್ಟು ಉದ್ದ ಗಟ್ಟಿಯಾಗಿ, ಉಗುರು ತಾಗಿಸಿದರೆ ಚೂರು ಚೂರಾಗಿ ಉದುರಿತು. ಎಳೆದರೆ ವೈರು ಲಗ್‌ನಿಂದ ಹಾಗೇ ಕೈಗೆ ಬಂತು. ಯಾರೋ ಸುತ್ತಿಗೆಯಲ್ಲಿ ಕುಟ್ಟಿ ಚಪ್ಪಟೆ ಮಾಡಿ ಬಿಟ್ಟಿದ್ದರು. ಆ ಒಂದು ಜಾಗದಲ್ಲೇ 1.3 ವೋಲ್ಟ್, 70 ಆಂಪಿಯರ್. ಗುಣಿಸಿದರೆ 91 ವ್ಯಾಟ್. ಹಳೇ ಕಾಲದ ನೂರರ ಬಲ್ಬು ಒಂದು ನಟ್ಟಿನ ಕೆಳಗೆ ಉರಿಯುತ್ತಿದ್ದ ಹಾಗೆ. 25 ಸ್ಕ್ವೇರ್ ಎಂಎಂ ವೈರು ಹಾಕಿ, ಲಗ್ಗನ್ನು ಹೈಡ್ರಾಲಿಕ್ ಪ್ರೆಸ್‌ನಲ್ಲಿ ಬಿಗಿಯಾಗಿ ಒತ್ತಿ (ಕ್ರಿಂಪ್ ಮಾಡಿ) ಕೊಟ್ಟೆ. ಬ್ಯಾಟರಿ ಅದೇ, ಇನ್ವರ್ಟರ್ ಅದೇ, ಮಿಕ್ಸಿ ತಿರುಗಿತು.

ಜೆಸಿ ರೋಡ್‌ನ ಬ್ಯಾಟರಿ ಕೇಬಲ್ ಅಂಗಡಿಗಳಲ್ಲಿ ಅಳತೆ ಕೊಟ್ಟರೆ ಕ್ರಿಂಪ್ ಮಾಡಿ ಕೊಡುತ್ತಾರೆ. ಸಣ್ಣ ಎಳೆಗಳು ಜಾಸ್ತಿ ಇರುವ ಫ್ಲೆಕ್ಸಿಬಲ್ ವೈರನ್ನೇ ಕೇಳಿ, ಗಾಡಿಯ ಕುಲುಕಾಟಕ್ಕೆ ಒಂಟಿ ಎಳೆಯದು ಮುರಿಯುತ್ತದೆ. ನಟ್ಟು ಕುಲುಕಿದರೂ ಸಡಿಲವಾಗದ ನೈಲಾಕ್ ಇರಲಿ.

ಫ್ಯೂಸ್ ಬ್ಯಾಟರಿ ಪ್ಲಸ್‌ನಿಂದ ಒಂದು ಗೇಣಿನೊಳಗೆ. ಲಿಥಿಯಂ ಶಾರ್ಟ್ ಆದರೆ ಸಾವಿರಗಟ್ಟಲೆ ಆಂಪಿಯರ್ ನುಗ್ಗುತ್ತದೆ, ಗಾಜಿನ ಫ್ಯೂಸ್ ಅದರ ಮುಂದೆ ಏನೂ ಅಲ್ಲ. ಅಂಥ ಕರೆಂಟನ್ನೂ ಕಡಿಯುವ ಕ್ಲಾಸ್ ಟಿ ಫ್ಯೂಸ್ ಸಿಕ್ಕರೆ ಅದೇ ಹಾಕಿ. ಮನೆಯ ಎಂಸಿಬಿ ತಂದು ಡಿಸಿಗೆ ಹಾಕುವವರನ್ನು ದಿನಾ ನೋಡುತ್ತೇನೆ. ಎಸಿ ಸೆಕೆಂಡಿಗೆ ನೂರು ಸಲ ಸೊನ್ನೆ ಮುಟ್ಟುತ್ತದೆ, ಕಿಡಿ ತಾನೇ ಆರುತ್ತದೆ. ಡಿಸಿಗೆ ಆ ಸೊನ್ನೆ ಇಲ್ಲ, ಕಿಡಿ ಹತ್ತಿಕೊಂಡೇ ಇರುತ್ತದೆ. ಡಿಸಿ ಎಂದು ಮೇಲೆ ಬರೆದಿರುವ ಎಂಸಿಬಿಯನ್ನೇ ತನ್ನಿ. ಅದರಲ್ಲೂ ಪ್ಲಸ್ ಮೈನಸ್ ಗುರುತು ಇದ್ದರೆ ಉಲ್ಟಾ ಮಾಡಬೇಡಿ.

ಬನಶಂಕರಿ ಬಂಡಿ

ಇದನ್ನು ಪ್ರಿಂಟ್ ತೆಗೆದು ಶೆಡ್ ಗೋಡೆಗೆ ಅಂಟಿಸಿದ್ದೇನೆ. ಇಲ್ಲಿಯವರೆಗೆ ತೀರ್ಮಾನ ಆದದ್ದು: 100 ಎಎಚ್ ಎಲ್‌ಎಫ್‌ಪಿ ಒಂದು, ಆಕ್ಸಲ್ ಮುಂದೆ. 100 ವ್ಯಾಟ್ ಮೇಲೆ, 100 ವ್ಯಾಟ್ ಬಿಡಿ, ಎಂಪಿಪಿಟಿ. 20 ಆಂಪಿಯರ್ ಡಿಸಿ-ಡಿಸಿ. 1500 ವ್ಯಾಟಿನ ಪ್ಯೂರ್ ಸೈನ್ ಇನ್ವರ್ಟರ್, ಮಿಕ್ಸಿಗೆ ಮಾತ್ರ. ಇಂಡಕ್ಷನ್ ಹೋಯಿತು, ಗ್ಯಾಸ್ ಬಂತು. ಅತ್ತೆಯವರಿಗೆ ಇಂಡಕ್ಷನ್ ಮೊದಲೇ ಇಷ್ಟ ಇರಲಿಲ್ಲವಂತೆ, ಈಗ ಹೇಳುತ್ತಿದ್ದಾರೆ.

ಎರಡು ಪ್ರಶ್ನೆ. ಬ್ಯಾಟರಿ ಎಷ್ಟು ಉಳಿದಿದೆ ಅಂತ ನೋಡಲು ಸಾದಾ ವೋಲ್ಟ್ ಮೀಟರ್ ಸಾಕಾ? ಹೋಮ್‌ಸ್ಟೇಯಲ್ಲಿ ನಿಲ್ಲಿಸಿದಾಗ ಅವರ ಪ್ಲಗ್‌ಗೆ ಹಾಕಿ ಚಾರ್ಜ್ ಮಾಡಬಹುದಾ?

ಅರ್ಧ ಆಂಪಿಯರ್

ವೋಲ್ಟ್ ಮೀಟರ್ ಎಲ್‌ಎಫ್‌ಪಿಗೆ ಉಪಯೋಗಕ್ಕೆ ಬರುವುದಿಲ್ಲ. ಮುಕ್ಕಾಲು ತುಂಬಿದ್ದರೂ 13.3, ಅರ್ಧ ಇದ್ದರೂ 13.2. ಕೊನೆಗೆ ಒಮ್ಮೆಲೇ ಕುಸಿಯುತ್ತದೆ. ಮೈನಸ್ ವೈರಿನಲ್ಲಿ ಶಂಟ್ (ಹರಿಯುವ ಕರೆಂಟು ಅಳೆಯಲು ಹಾಕುವ ಲೋಹದ ಪಟ್ಟಿ) ಹಾಕಿ, ಒಳಗೆ ಹೋದ ಹೊರಗೆ ಬಂದ ಆಂಪಿಯರ್ ಎಣಿಸುವ ಮಾನಿಟರ್ ಬೇಕು. ಬ್ಯಾಟರಿಯ ಮೈನಸ್‌ಗೆ ಶಂಟ್ ಬಿಟ್ಟು ಬೇರೆ ಯಾವ ವೈರೂ ತಾಗಬಾರದು. ಒಂದು ದೀಪದ ವೈರು ಅಡ್ಡದಾರಿ ಹಿಡಿದರೂ ಲೆಕ್ಕ ಕೆಡುತ್ತದೆ.

ಹೋಮ್‌ಸ್ಟೇ ಪ್ಲಗ್ ಬಳಸಬಹುದು, ಲಿಥಿಯಂ ಚಾರ್ಜರ್ ಮೂಲಕ. ಮೊದಲು ಟೆಸ್ಟರ್ ಹಾಕಿ ನೋಡಿ. ಫೇಸ್ ನ್ಯೂಟ್ರಲ್ ಅದಲು ಬದಲಾದ, ಅರ್ತೇ ಇಲ್ಲದ ಬೋರ್ಡುಗಳು ಸಾಕಷ್ಟಿವೆ. ಟ್ರೇಲರ್ ಕಡೆ ಕರೆಂಟು ಸೋರಿದ ಕೂಡಲೇ ಕಡಿದುಹಾಕುವ ನಿಮ್ಮದೇ 30 ಮಿಲಿಆಂಪಿಯರ್ ಆರ್‌ಸಿಸಿಬಿ ಇರಲಿ, ತಗಡಿನ ಬಾಡಿಯನ್ನು ಒದ್ದೆ ಹುಲ್ಲಿನ ಮೇಲೆ ನಿಂತು ಮುಟ್ಟುತ್ತೀರಿ. ಇನ್ವರ್ಟರ್ ಔಟ್‌ಪುಟ್ಟೂ ಹೋಮ್‌ಸ್ಟೇ ಕರೆಂಟೂ ಎಂದೂ ಒಂದೇ ವೈರಿನಲ್ಲಿ ಸೇರಕೂಡದು. ನಡುವೆ ಚೇಂಜ್‌ಓವರ್ ಸ್ವಿಚ್ ಕಡ್ಡಾಯ.

ಮಲೆನಾಡು ಮಳೆ

ಮೇಡಂ, ನನ್ನದೊಂದು ಪ್ರಶ್ನೆ ಸೇರಿಸಿಕೊಳ್ಳಿ. ಗಾಡಿ ತಿಂಗಳುಗಟ್ಟಲೆ ಅಪಾರ್ಟ್‌ಮೆಂಟ್ ಬೇಸ್‌ಮೆಂಟ್‌ನಲ್ಲಿ ನಿಂತರೆ ಬ್ಯಾಟರಿ ಏನಾಗುತ್ತದೆ? ಅಲ್ಲಿ ಬಿಸಿಲೂ ಇಲ್ಲ, ಪ್ಲಗ್ಗೂ ಇಲ್ಲ.

ಅರ್ಧ ಆಂಪಿಯರ್

ಬೇಸ್‌ಮೆಂಟ್ ಒಳ್ಳೆಯದೇ, ತಂಪಾಗಿರುತ್ತದೆ. ಏಪ್ರಿಲ್ ಬಿಸಿಲಲ್ಲಿ ಬಾಗಿಲು ಮುಚ್ಚಿ ರಸ್ತೆಯಲ್ಲಿ ನಿಲ್ಲಿಸುವುದು ಕೆಟ್ಟದ್ದು. ಎಷ್ಟೋ ಬ್ಯಾಟರಿಗಳ ಡೇಟಾಶೀಟ್‌ನಲ್ಲಿ ಚಾರ್ಜಿಂಗ್ ಮಿತಿ 45 ಇಲ್ಲವೇ 55 ಡಿಗ್ರಿ ಎಂದಿರುತ್ತದೆ. ನಿಲ್ಲಿಸುವ ಮುಂಚೆ ಅರ್ಧದ ಸುತ್ತ ಇರುವಂತೆ ನೋಡಿಕೊಳ್ಳಿ. ಆಸಿಡ್ ಬ್ಯಾಟರಿ ಹಾಗೆ ತುಂಬಿಸಿ ಇಡುವುದು ಇಲ್ಲಿ ಬೇಡ. ಮೈನ್ ಸ್ವಿಚ್ ತೆಗೆಯಿರಿ, ಇಲ್ಲದಿದ್ದರೆ ಮಾನಿಟರ್, ಡಿಸಿ-ಡಿಸಿ, ಯುಎಸ್‌ಬಿ ಸಾಕೆಟ್‌ನ ಆ ನೀಲಿ ದೀಪ ಎಲ್ಲ ಸೇರಿ ಮೆಲ್ಲಗೆ ನೆಕ್ಕಿ ಖಾಲಿ ಮಾಡುತ್ತವೆ. 10-13 ಕೆಜಿ ತಾನೇ, ನಾಲ್ಕು ಬೋಲ್ಟ್ ಬಿಚ್ಚಿದರೆ ಬ್ಯಾಟರಿಯನ್ನೇ ಮನೆಗೆ ಎತ್ತಿಕೊಂಡು ಹೋಗಬಹುದು. ಮೂರು ತಿಂಗಳಿಗೊಮ್ಮೆ 14.4ರವರೆಗೆ ಪೂರ್ತಿ ಚಾರ್ಜ್ ಮಾಡಿ ಒಂದೆರಡು ಗಂಟೆ ಚಾರ್ಜರ್ ಮೇಲೆಯೇ ಬಿಡಿ. ಸೆಲ್‌ಗಳ ಬ್ಯಾಲೆನ್ಸ್ ಆಗುವುದು ಆ ಕೊನೆಯ ಹಂತದಲ್ಲಿ ಮಾತ್ರ. ಆಮೇಲೆ ಒಂದು ರಾತ್ರಿ ಫ್ಯಾನ್ ಓಡಿಸಿ ಸ್ವಲ್ಪ ಇಳಿಸಿ ಮತ್ತೆ ಎತ್ತಿಡಿ.